ಗುಡುಗುಡಿಯಿಂದ ಇ-ಸಿಗರೇಟಿನವರೆಗೆ: ಹೊಗೆಯನ್ನು ಹೊತ್ತ ವಸ್ತುಗಳ ಚರಿತ್ರೆ

೧

ಕಾಫಿಯೂ ಹೊಗೆಸೊಪ್ಪೂ ಕನ್ನಡನಾಡಿಗೆ ಹೊರಗಿನಿಂದ ಬಂದ ಅತಿಥಿಗಳು. ಯೆಮೆನ್ ದೇಶದ ಮೋಕಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದವರು ಬಾಬಾ ಬುಡನ್ ಎಂಬ ಫಕೀರರೆಂಬ ಐತಿಹ್ಯವು ಚಿಕ್ಕಮಗಳೂರು ಸೀಮೆಯಲ್ಲಿ ಮನೆಮಾತಾಗಿದೆ. ಆ ಸಂಗತಿಯನ್ನು ಕ್ರಿ. ಶ. ೧೬೭೦ರ ಸುಮಾರಿನದೆಂದು ಹೇಳುವುದು ವಾಡಿಕೆ. ಹೊಗೆಸೊಪ್ಪಾದರೋ ಅದಕ್ಕಿಂತಲೂ ಮುಂಚೆಯೇ ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದು, ಘಟ್ಟವನ್ನೇರಿ, ಬಿಜಾಪುರದ ಆದಿಲಶಾಹಿಗಳ ರಾಜಧಾನಿಯಲ್ಲಿ ನೆಲೆಯೂರಿದ್ದಿತು.

ಅಕ್ಬರ ಬಾದಶಹನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ೧೬೦೪ರ ಸುಮಾರಿಗೆ ಅಲ್ಲಿ ಈ ಸೊಪ್ಪನ್ನು ಮೊದಲ ಬಾರಿಗೆ ಕಂಡನೆಂದು ತಾನೇ ಬರೆದಿಟ್ಟಿದ್ದಾನೆ. ಅವನು ಅದನ್ನು ಆಗ್ರಾಕ್ಕೆ ಕೊಂಡೊಯ್ದುದು ಬರಿಯ ಸೊಪ್ಪಿನ ರೂಪದಲ್ಲಲ್ಲ. ರತ್ನಖಚಿತವಾದ ಒಂದು ಸೇದುವ ಕೊಳವೆಯನ್ನೂ ಸಿದ್ಧಮಾಡಿಸಿ ಬಾದಶಹನ ಮುಂದಿರಿಸಿದನು. ಬಾದಶಹನು ಕುತೂಹಲದಿಂದ ಒಂದೆರಡು ಸಲ ಸೇದಿದನು. ಆಸ್ಥಾನದ ವೈದ್ಯನು ತಡೆದನು. ತಮ್ಮ ಹಿರಿಯರಾರೂ ಪರೀಕ್ಷಿಸದ ಪದಾರ್ಥವನ್ನು ಪರದೇಶೀಯರು ಬಳಸುತ್ತಾರೆಂಬ ಮಾತ್ರಕ್ಕೆ ಒಪ್ಪಬಾರದೆಂಬುದು ಅವನ ವಾದದ ಸಾರಾಂಶ. ಅಕ್ಬರನು ಸೇದುವುದನ್ನು ಬಿಟ್ಟನು, ಆಸ್ಥಾನಿಕರು ಬಿಡಲಿಲ್ಲ. ಅವನ ಮಗನಾದ ಜಹಾಂಗೀರನು ೧೬೧೭ರಲ್ಲಿ ಹೊಗೆಸೊಪ್ಪನ್ನು ನಿಷೇಧಿಸಿದನು. ಆ ನಿಷೇಧವೂ ನಿಲ್ಲಲಿಲ್ಲ.

ಮುಂದಿನ ನಾಲ್ಕು ಶತಮಾನಗಳ ಕಥೆಯೆಲ್ಲವೂ ಈ ಒಂದು ಪ್ರಸಂಗದಲ್ಲಿ ಬೀಜರೂಪವಾಗಿ ಅಡಗಿದೆ: ಹೊಸ ಪದಾರ್ಥ, ಅದಕ್ಕೊಪ್ಪುವ ಸುಂದರವಾದ ಪಾತ್ರೆ, ಪರೀಕ್ಷೆಯಾಗಲಿ ಎನ್ನುವ ವೈದ್ಯ, ತಡವಾಗಿ ಬರುವ ರಾಜಾಜ್ಞೆ. ಹೊಗೆಸೊಪ್ಪಿನ ಸತ್ತ್ವವಾದ ನಿಕೋಟಿನ್ ಎಂಬ ವಿಷವನ್ನು ೧೮೨೮ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಪೊಸೆಲ್ಟ್ ಮತ್ತು ರೈಮನ್ ಎಂಬಿಬ್ಬರು ಬೇರ್ಪಡಿಸಿ ತೋರಿಸಿದರು. ಅಂದಿನಿಂದ ಆ ಸತ್ತ್ವವನ್ನು ಕುರಿತು ಬರೆದವರು ಬಹುಮಂದಿ. ಆದರೆ ಅದನ್ನು ಹೊತ್ತುತರುವ ವಸ್ತುಗಳಿಗೆ, ಎಂದರೆ ನೀರು, ಎಲೆ, ಸುಣ್ಣ, ಹತ್ತಿ, ನೂಲು, ಸ್ಪಂಜು ಮುಂತಾದುವಕ್ಕೆ, ಅಷ್ಟು ಗಮನವು ಸಂದಿಲ್ಲ. ಹೋಳಿಗೆಯಲ್ಲಿ ಹೂರಣವೇ ಮುಖ್ಯ. ಹೊಗೆಯ ಪಾತ್ರೆಯ ಹೂರಣವನ್ನಾದರೋ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಈ ಉದಾಸೀನವು ಎಷ್ಟು ಬೆಲೆಯನ್ನು ತೆಗೆದುಕೊಂಡಿತೆಂಬುದನ್ನು ಗುಡುಗುಡಿಯಿಂದ ಮೊದಲುಗೊಂಡು ಇತ್ತೀಚಿನ ಇ-ಸಿಗರೇಟಿನವರೆಗೆ ಪರಿಶೀಲಿಸುವುದು ಪ್ರಯೋಜನಕರವಾದೀತು.

೨

ಕಾಫಿಯು ಬೆಟ್ಟದ ಮರಗಳ ನೆರಳಿನಲ್ಲಿ ಬೇರೂರಿತು. ಹೊಗೆಸೊಪ್ಪು ಹುಣಸೂರು, ಪಿರಿಯಾಪಟ್ಟಣ, ನಿಪ್ಪಾಣಿ ಮೊದಲಾದ ಬೇರೆ ಸೀಮೆಗಳ ಬೆಳೆಯಾಯಿತು. ಮಲೆನಾಡಿಗೆ ಅದು ಸಂತೆಯ ಸರಕಾಗಿಯೇ ಬಂದಿತು. ಘಟ್ಟದ ಮಳೆಗೂ ಚಳಿಗೂ ಮೈಯೊಡ್ಡಿ ದುಡಿಯುವವರಿಗೆ ಅದು ಬಹು ಬೇಗ ಒಗ್ಗಿಹೋಯಿತು.

ಹಳೆಯ ಸಾಧನಗಳಲ್ಲಿ ಗುಡುಗುಡಿಗೆ ಮೊದಲ ಮರ್ಯಾದೆ. ತೆಂಗಿನ ಕರಟದ ಬುರುಡೆಯಲ್ಲಿ ನೀರು, ಅದರೊಳಕ್ಕೆ ಇಳಿಬಿಟ್ಟ ಕೊಳವೆ, ಕೊಳವೆಯ ನೆತ್ತಿಯಲ್ಲಿ ಮಣ್ಣಿನ ಚಿಲುಮೆ, ಚಿಲುಮೆಯಲ್ಲಿ ಬೆಲ್ಲದೊಂದಿಗೆ ಅರೆದು ಕಲಸಿದ ಸೊಪ್ಪು, ಅದರ ಮೇಲೆ ಕೆಂಡ: ಇಷ್ಟೇ ಅದರ ರಚನೆ. ಸೇದಿದಾಗ ನೀರಿನಲ್ಲಿ ಹುಟ್ಟುವ ಸದ್ದೇ ಅದಕ್ಕೆ ಹೆಸರನ್ನು ಕೊಟ್ಟಿತು. ನೀರಿನಲ್ಲಿ ಹಾಯ್ದು ಬಂದ ಹೊಗೆಯು ತೊಳೆದ ಹೊಗೆ, ಆದಕಾರಣ ನಿರಪಾಯವೆಂಬುದು ಜನರ ನಂಬುಗೆಯಾಗಿದ್ದಿತು. ನೀರು ಹೊಗೆಯನ್ನು ತಣಿಸುತ್ತದೆಂಬುದು ದಿಟ. ಆದರೆ ಅದು ವಿಷವನ್ನು ತೊಳೆಯುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ೨೦೦೫ರಲ್ಲಿ ಸ್ಪಷ್ಟಪಡಿಸಿದರು. ತಂಪಾದ ಹೊಗೆಯನ್ನು ಸೇದುವವನು ಹೆಚ್ಚು ಹೊತ್ತು, ಹೆಚ್ಚು ಆಳವಾಗಿ ಸೇದುತ್ತಾನಾದ್ದರಿಂದ ನೀರಿನ ಉಪಕಾರವು ಅಪಕಾರವಾಗಿ ಪರಿಣಮಿಸುತ್ತದೆ.

ನೀರಿಲ್ಲದ ಚಿಲುಮೆಯಲ್ಲಿ ಸೊಪ್ಪು ಕೊಳವೆಗೆ ಜಾರದಂತೆ ತಳದಲ್ಲಿ ಒಂದು ಹರಳನ್ನಿಟ್ಟು, ಬಾಯಿಗೆ ತಗಲುವ ಕಡೆ ಒದ್ದೆಯ ಬಟ್ಟೆಯನ್ನು ಸುತ್ತುತ್ತಿದ್ದರು. ಇವೆರಡೂ ಸೋಸುವ ಉಪಾಯಗಳೇ. ಬೀಡಿಯಲ್ಲಿ ಈ ಉಪಾಯಗಳೂ ಇಲ್ಲ. ಅಲ್ಲಿ ಪಾತ್ರೆಯೂ ಎಲೆಯೇ, ಇಂಧನವೂ ಎಲೆಯೇ. ಮಧ್ಯಭಾರತದ ಅಡವಿಗಳ ಎಲೆಯೂ ನಿಪ್ಪಾಣಿ ಮೊದಲಾದ ಕಡೆಗಳ ಸೊಪ್ಪೂ ಕೂಡಿ ದಕ್ಷಿಣ ಕನ್ನಡ ಮತ್ತು ಕಾಸರಗೋಡು ಸೀಮೆಯ ಮನೆಗಳಲ್ಲಿ ಹೆಂಗಸರ ಕೈಯಿಂದ ಸುರುಳಿಯಾಗಿ ಘಟ್ಟವನ್ನೇರಿ ಬಂದುವು. ಬೀಡಿಯ ಎಲೆಯಲ್ಲಿ ಕಾಗದದಷ್ಟು ಗಾಳಿ ಆಡುವುದಿಲ್ಲ. ಬೀಡಿ ಆರದಿರಬೇಕಾದರೆ ಮೇಲಿಂದ ಮೇಲೆ ಸೇದಬೇಕು. ಮೇಲಿಂದ ಮೇಲೆ ಸೇದಿದರೆ ಕೀಲವೂ ವಿಷಾನಿಲವೂ ಹೆಚ್ಚಾಗಿ ಎದೆಗೆ ಇಳಿಯುತ್ತವೆ. ಸೊಪ್ಪಿನ ಪ್ರಮಾಣವು ಸಿಗರೇಟಿಗಿಂತ ಕಡಮೆಯಾಗಿದ್ದರೂ ಕೇಡು ಕಡಮೆಯಾಗದಿರುವುದಕ್ಕೆ ಹೊದಿಕೆಯ ಎಲೆಯೂ ಒಂದು ಕಾರಣ.

ಇನ್ನು ತಾಂಬೂಲ. ಇದು ಹೊಗೆಸೊಪ್ಪಿಗಿಂತ ಬಹು ಪ್ರಾಚೀನವಾದುದು, ಮಂಗಳಕಾರ್ಯಗಳಲ್ಲಿ ಸ್ಥಾನವುಳ್ಳದ್ದು. ಕಳಸ, ಶೃಂಗೇರಿ, ಕೊಪ್ಪಗಳ ಅಡಕೆಯ ತೋಟಗಳು ಇದರ ಆಶ್ರಯದಲ್ಲಿಯೇ ಬೆಳೆದುವು. ಎಲೆ, ಅಡಕೆ, ಸುಣ್ಣಗಳ ಈ ಹಳೆಯ ಕೂಟಕ್ಕೆ ಹೊಗೆಸೊಪ್ಪು ನಾಲ್ಕನೆಯದಾಗಿ ಬಂದು ಸೇರಿತು. ಸೇರಿದ ಕೂಡಲೆ ಸುಣ್ಣವು ಅದಕ್ಕೆ ಬಾಗಿಲು ತೆರೆಯಿತು. ಹೇಗೆಂದರೆ, ಸೊಪ್ಪಿನಲ್ಲಿ ನಿಕೋಟಿನ್ ಆಮ್ಲಗಳೊಡನೆ ಬೆರೆತು ಲವಣರೂಪದಲ್ಲಿರುತ್ತದೆ. ಆ ರೂಪದಲ್ಲಿ ಬಾಯಿಯ ಚರ್ಮವನ್ನು ದಾಟಲಾರದು. ಸುಣ್ಣದಂಥ ಕ್ಷಾರವು ತಗಲಿದೊಡನೆ ಅದು ಬಿಡುಗಡೆ ಹೊಂದಿ ರಕ್ತಕ್ಕೆ ಇಳಿಯುತ್ತದೆ. ಅಂಗೈಯಲ್ಲಿ ಸುಣ್ಣ ಹಾಕಿ ಸೊಪ್ಪನ್ನು ತಿಕ್ಕುವವನಿಗೆ ರಸಾಯನಶಾಸ್ತ್ರವು ತಿಳಿಯದು. ತಿಕ್ಕಿದರೆ ಹಿಡಿಯುತ್ತದೆಂಬುದು ಮಾತ್ರ ತಿಳಿದಿದೆ. ರುಚಿಗೆಂದು ಹಾಕಿದ ಸುಣ್ಣವು ಇಲ್ಲಿ ವಿಷದ ವಾಹನವಾಯಿತು.

ಬಹುಕಾಲದವರೆಗೆ ದೋಷವೆಲ್ಲವೂ ಹೊಗೆಸೊಪ್ಪಿನದು, ಮಿಕ್ಕ ಮೂರೂ ನಿರ್ದೋಷವೆಂದೇ ಎಣಿಕೆಯಾಗಿದ್ದಿತು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೊಗೆಸೊಪ್ಪಿಲ್ಲದ ತಾಂಬೂಲವೂ, ಅಡಕೆಯೂ ಸಹ ಕ್ಯಾನ್ಸರಿಗೆ ಕಾರಣವೆಂದು ತೀರ್ಮಾನಿಸಿತು. ಅಡಕೆಯನ್ನೇ ನಂಬಿದ ಮನೆಗಳಿಗೆ ಇದು ಕಹಿಯಾದ ಮಾತು. ಮಲೆನಾಡಿನಲ್ಲಿ ಇದನ್ನು ಕುರಿತ ವಿವಾದವು ಇಂದಿಗೂ ಶಮನವಾಗಿಲ್ಲ. ಅಡಕೆ ಮತ್ತು ಹೊಗೆಸೊಪ್ಪುಗಳನ್ನು ಕೂಡಿಸಿ ಪುಡಿಕೆಯಲ್ಲಿ ಮಾರುತ್ತಿದ್ದ ಗುಟ್ಕವನ್ನು ಕರ್ನಾಟಕ ಸರಕಾರವು ೨೦೧೩ರಲ್ಲಿ ನಿಷೇಧಿಸಿತು. ೨೦೧೬-೧೭ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ೨೨.೮ ಮಂದಿ ಹೊಗೆಸೊಪ್ಪನ್ನು ಯಾವುದಾದರೊಂದು ರೂಪದಲ್ಲಿ ಬಳಸುತ್ತಿದ್ದರು. ಅವರಲ್ಲಿ ಸೇದುವವರಿಗಿಂತ ಬಾಯಲ್ಲಿಟ್ಟುಕೊಳ್ಳುವವರ ಸಂಖ್ಯೆಯೇ ಹೆಚ್ಚು.

ಇದೇ ನಿಕೋಟಿನ್ ತೋಟಗಾರನಿಗೆ ಇನ್ನೊಂದು ಮುಖದಿಂದಲೂ ಪರಿಚಿತ. ಗಿಡದ ಹೇನುಗಳಂಥ ಮೃದುಶರೀರದ ಕೀಟಗಳಿಗೆ ಹೊಗೆಸೊಪ್ಪಿನ ಕಷಾಯವನ್ನು ಎರಚುವುದು ಹಳೆಯ ಕ್ರಮ. ಅರ್ಧ ಸೇರಿನಷ್ಟು ಸೊಪ್ಪಿನ ಕಸವನ್ನು ನೀರಿನಲ್ಲಿ ಒಂದು ದಿನ ನೆನೆಯಿಟ್ಟು, ಇಲ್ಲವೆ ಅರ್ಧ ಗಂಟೆ ಕುದಿಸಿ, ಸೋಸಿ, ಅದಕ್ಕೆ ಸಾಬೂನನ್ನು ಕರಗಿಸಿ ಸೇರಿಸುತ್ತಿದ್ದರು. ಕಷಾಯವು ಎಲೆಗೆ ಅಂಟಿ ಹರಡಲಿ ಎಂಬುದೇ ಸಾಬೂನಿನ ಉದ್ದೇಶ. ಆದರೆ ಸಾಬೂನೂ ಕ್ಷಾರವಾದ್ದರಿಂದ ವೀಳ್ಯದ ಸುಣ್ಣವು ಮಾಡಿದ ಕೆಲಸವನ್ನೇ ಅದೂ ಮಾಡುತ್ತಿದ್ದಿತು. ಕೀಟವನ್ನು ಕೊಲ್ಲುವ ಮದ್ದೂ ಮನುಷ್ಯನ ಚಟವೂ ಒಂದೇ ದ್ರವ್ಯವೆಂಬುದನ್ನು ತೋಟದ ಮನೆಗಳಿಗೆ ಬೇರೆ ಹೇಳಬೇಕಾಗಿಲ್ಲ.

೩

ಬೆರಕೆಯ ವಸ್ತುವೆಂದರೆ ಏನೆಂಬುದನ್ನು ಕಾಫಿಯ ನಾಡಿನವರು ಚಿಕೋರಿಯಿಂದ ಬಲ್ಲರು. ಚಿಕೋರಿಯು ಒಂದು ಗಿಡದ ಬೇರು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ನೆಪೋಲಿಯನ್ನನ ಕಾಲದ ದಿಗ್ಬಂಧನದಿಂದ ಫ್ರಾನ್ಸಿನಲ್ಲಿ ಕಾಫಿ ದುರ್ಲಭವಾದಾಗ ಈ ಬೇರನ್ನು ಹುರಿದು ಪುಡಿಮಾಡಿ ಸೇರಿಸುವ ಪದ್ಧತಿ ಬಲಗೊಂಡಿತು. ದಕ್ಷಿಣ ಭಾರತದ ಮನೆಗಳಲ್ಲಿ ಡಿಕಾಕ್ಷನ್ನಿಗೆ ಬಣ್ಣವೂ ಗಟ್ಟಿತನವೂ ಬರಲೆಂದು ಈಗಲೂ ಅದನ್ನು ಬೆರೆಸುವವರು ಬಹಳ. ಆದರೆ ಈ ಬೆರಕೆಗೆ ಒಂದು ಮಿತಿಯುಂಟು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯು ನೂರಕ್ಕೆ ೫೧ ಭಾಗಕ್ಕಿಂತ ಕಡಮೆಯಾಗಕೂಡದು. ಎರಡರ ಪ್ರಮಾಣವೂ ಪೊಟ್ಟಣದ ಮೇಲೆ ಅಚ್ಚಾಗಿರಬೇಕು. ಕೊಳ್ಳುವವನು ಏನನ್ನು ಎಷ್ಟು ಕುಡಿಯುತ್ತಿದ್ದೇನೆಂಬುದನ್ನು ತಿಳಿದೇ ಕುಡಿಯುತ್ತಾನೆ. ಇಲ್ಲಿ ಬೆರಕೆಯು ಬಹಿರಂಗ. ಆದ್ದರಿಂದ ಅದು ರುಚಿಯ ಪ್ರಶ್ನೆಯೇ ಹೊರತು ಪ್ರಾಣದ ಪ್ರಶ್ನೆಯಲ್ಲ. ಹೊಗೆಯ ವ್ಯಾಪಾರದಲ್ಲಿ ಈ ಬಹಿರಂಗತೆಯು ಎಂದೂ ಇರಲಿಲ್ಲವೆಂಬುದಕ್ಕೆ ಸಿಗರೇಟಿನ ಸೋಸುಬತ್ತಿಯೇ ಸಾಕ್ಷಿ.

ಸಿಗರೇಟಿನ ತುದಿಯಲ್ಲಿ ಮಡಿಕೆಯ ಕಾಗದದ ಸೋಸುಬತ್ತಿಯನ್ನಿಡುವ ಉಪಾಯಕ್ಕೆ ಹಂಗೆರಿಯ ಬೋರಿಸ್ ಐವಾಜ್ ಎಂಬಾತನು ೧೯೨೫ರಲ್ಲಿ ಹಕ್ಕುಪತ್ರವನ್ನು ಪಡೆದನು. ಸಿಗರೇಟು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬ ಸಂಗತಿ ೧೯೫೦ರ ಅನಂತರ ಬಯಲಾಗುತ್ತ ಬಂದಂತೆ ಕಂಪೆನಿಗಳು ಜನರ ಭಯವನ್ನು ಈ ಬತ್ತಿಯಿಂದಲೇ ನಿವಾರಿಸಲೆಳಸಿದುವು. ಅಮೆರಿಕದಲ್ಲಿ ೧೯೫೨ರಿಂದ ೧೯೫೬ರವರೆಗೆ ಮಾರಾಟವಾದ ಕೆಂಟ್ ಸಿಗರೇಟಿನ ಮೈಕ್ರೊನೈಟ್ ಎಂಬ ಸೋಸುಬತ್ತಿಯು ಅತ್ಯಂತ ಸುರಕ್ಷಿತವೆಂದು ಪ್ರಚಾರ ಪಡೆದಿದ್ದಿತು. ಅದರಲ್ಲಿ ತುಂಬಿದ್ದುದು ನೀಲಿ ಕಲ್ನಾರು. ಕಲ್ನಾರಿನ ಎಳೆಗಳು ಎದೆಯ ಪೊರೆಯಲ್ಲಿ ಕ್ಯಾನ್ಸರನ್ನು ಹುಟ್ಟಿಸುತ್ತವೆಂಬುದು ಈಗ ಸರ್ವವಿದಿತ. ೧೯೫೩ರಲ್ಲಿ ಇನ್ನೊಂದು ಕಂಪೆನಿಯ ರಸಾಯನಜ್ಞನಾದ ಕ್ಲಾಡ್ ಟೀಗ್ ಎಂಬಾತನು, ಸೇದಿದಂತೆ ಬತ್ತಿಯ ಬಣ್ಣವು ಬದಲಾಗುವ ಹಾಗೆ ಮಾಡಿದರೆ, ಸೋಸಲಿ ಬಿಡಲಿ, ಸೇದುವವನಿಗೆ ಸೋಸಿತೆಂಬ ಭಾವನೆ ಬರುವುದೆಂದು ತನ್ನ ಟಿಪ್ಪಣಿಯಲ್ಲಿ ಬರೆದನು. ಗುಡುಗುಡಿಯ ನೀರಿನ ಭ್ರಾಂತಿಯು ಅರಿಯದವರ ಭ್ರಾಂತಿ. ಇದು ಅರಿತವರು ರಚಿಸಿದ ಭ್ರಾಂತಿ.

೪

ಬೆಂಕಿಯಿಲ್ಲದೆ ಹೊಗೆಯನ್ನು ಸೇದಿಸಬೇಕೆಂಬ ಆಲೋಚನೆಯು ಹೊಸದಲ್ಲ. ಅಮೆರಿಕದ ಜೋಸೆಫ್ ರಾಬಿನ್‌ಸನ್ ಎಂಬಾತನು ೧೯೨೭ರಲ್ಲಿ ವಿದ್ಯುತ್ತಿನಿಂದ ಆವಿಯನ್ನೆಬ್ಬಿಸುವ ಕೊಳವೆಗೆ ಹಕ್ಕುಪತ್ರದ ಅರ್ಜಿಯನ್ನು ಹಾಕಿ ೧೯೩೦ರಲ್ಲಿ ಅದನ್ನು ಪಡೆದನು. ಅದೇ ದೇಶದ ಹರ್ಬರ್ಟ್ ಗಿಲ್ಬರ್ಟನು ಹೊಗೆಯೂ ಸೊಪ್ಪೂ ಇಲ್ಲದ ಸಿಗರೇಟೊಂದನ್ನು ಕಲ್ಪಿಸಿ ೧೯೬೫ರಲ್ಲಿ ಹಕ್ಕುಪತ್ರವನ್ನು ಪಡೆದನು. ಇವೆರಡೂ ಪೇಟೆಗೆ ಬರಲಿಲ್ಲ. ಚೀನಾದೇಶದ ಶೆನ್‌ಯಾಂಗ್ ನಗರದ ಔಷಧಜ್ಞನಾದ ಹಾನ್ ಲಿಕ್ ಎಂಬಾತನು ೨೦೦೩ರಲ್ಲಿ ರೂಪಿಸಿದ ಯಂತ್ರವೇ ಇಂದಿನ ಇ-ಸಿಗರೇಟಿನ ಮೂಲ. ಅವನು ತಾನೇ ವಿಪರೀತವಾಗಿ ಸಿಗರೇಟು ಸೇದುತ್ತಿದ್ದವನು. ಅವನ ತಂದೆಗೆ ಶ್ವಾಸಕೋಶದ ಕ್ಯಾನ್ಸರ್ ಆಗಿದ್ದಿತು. ಚಟದಿಂದ ಬಿಡಿಸಿಕೊಳ್ಳುವ ಹಂಬಲದಿಂದಲೇ ಈ ಯಂತ್ರವು ಹುಟ್ಟಿತೆಂಬುದನ್ನು ಮರೆಯುವುದು ನ್ಯಾಯವಾಗದು.

ಯಂತ್ರದ ತತ್ತ್ವವನ್ನು ಅರಿಯಲು ದೇವರ ಮುಂದಿನ ಹಣತೆಯನ್ನು ನೋಡಿದರೆ ಸಾಕು. ಹಣತೆಯ ಬತ್ತಿಯು ಎಣ್ಣೆಯನ್ನು ಹೀರಿ ಮೇಲಕ್ಕೇರಿಸುತ್ತದೆ; ಎಣ್ಣೆಯಿರುವವರೆಗೆ ಉರಿಯುವುದು ಎಣ್ಣೆ, ಎಣ್ಣೆ ತೀರಿದ ಮೇಲೆ ಕರಕಾಗುವುದು ಬತ್ತಿ. ಇ-ಸಿಗರೇಟಿನಲ್ಲಿ ಎಣ್ಣೆಯ ಸ್ಥಾನದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಮತ್ತು ಪರಿಮಳದ್ರವ್ಯಗಳ ಮಿಶ್ರಣವಿದೆ. ಜ್ವಾಲೆಯ ಸ್ಥಾನದಲ್ಲಿ ಬ್ಯಾಟರಿಯಿಂದ ಕಾಯುವ ಸಣ್ಣ ತಂತಿಯ ಸುರುಳಿ. ನಡುವೆ ದ್ರವವನ್ನು ಹಿಡಿದಿಟ್ಟು ತಂತಿಗೆ ಒದಗಿಸುವ ವಸ್ತುವೇ ಇಲ್ಲಿಯ ಬತ್ತಿ.

ಮೊದಮೊದಲು ಬಂದ ಯಂತ್ರಗಳಲ್ಲಿ ಬ್ಯಾಟರಿ, ಕಾಯಿಸುವ ಭಾಗ, ಕಾರ್ಟ್ರಿಜ್ ಎಂದು ಮೂರು ತುಂಡುಗಳಿದ್ದುವು. ಬಾಯಿಗಿಡುವ ತುದಿಯೇ ಕಾರ್ಟ್ರಿಜ್; ಅದರೊಳಗೆ ದಿಂಬಿಗೆ ತುಂಬುವ ಕೃತಕ ಹತ್ತಿಯಂಥ ಪಾಲಿಯೆಸ್ಟರ್ ಎಳೆಗಳ ಒಂದು ಉಂಡೆ. ಅದು ಹಿಡಿಯುತ್ತಿದ್ದ ದ್ರವವು ಸುಮಾರು ಒಂದು ಮಿಲಿಲೀಟರು ಮಾತ್ರ. ಮುಗಿದ ಮೇಲೆ ಹೊಸ ಕಾರ್ಟ್ರಿಜ್ಜನ್ನು ಕೊಳ್ಳಬೇಕೆಂಬುದು ಮಾರುವವರ ಉದ್ದೇಶ. ಹಳೆಯದನ್ನೇ ಮತ್ತೆ ತುಂಬಿಕೊಳ್ಳುವುದು ಬಳಸುವವರ ಜಾಣತನ. ಉಂಡೆಯನ್ನು ಚಿಮಟದಿಂದ ಹೊರತೆಗೆದು, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಒಳಗಿಟ್ಟು, ಮೇಲಿನಿಂದ ಹನಿಹನಿಯಾಗಿ ದ್ರವವನ್ನು ಬಿಡುತ್ತಿದ್ದರು. ಹೆಚ್ಚಾದರೆ ನಿಕೋಟಿನ್ನಿನ ದ್ರವವು ಸೋರಿ ಬಾಯಿಗೇ ಬರುವುದು. ಕಡಮೆಯಾದರೆ ಸುಟ್ಟ ವಾಸನೆ. ಎಳೆಗಳನ್ನು ಬಿಗಿಯಾಗಿ ತುರುಕಿದರೆ ದ್ರವವು ತಂತಿಗೆ ಇಳಿಯದು, ಸಡಿಲವಾಗಿಟ್ಟರೆ ನಿಲ್ಲದು.

ಈ ತೊಡಕನ್ನು ಬಿಡಿಸಲು ೨೦೦೯ರ ಆಸುಪಾಸಿನಲ್ಲಿ ಪಾಶ್ಚಾತ್ಯ ದೇಶಗಳ ಬಳಕೆದಾರರು ಮನೆಯಲ್ಲಿ ಕೈಗೆ ಸಿಕ್ಕಿದ ವಸ್ತುಗಳನ್ನೆಲ್ಲ ಪರೀಕ್ಷಿಸಿದರು. ಮೀನು ಸಾಕುವ ಗಾಜಿನ ತೊಟ್ಟಿಯ ನೀರನ್ನು ಸೋಸುವ ನೀಲಿ ಸ್ಪಂಜು, ಚಹಾಪುಡಿಯ ಸಣ್ಣ ಚೀಲದ ಕಾಗದ, ಪಾನಕ ಹೀರುವ ಕೊಳವೆಯ ತುಂಡು, ಔಷಧದಂಗಡಿಯ ಹತ್ತಿ, ಇವೆಲ್ಲವೂ ಕಾರ್ಟ್ರಿಜ್ಜಿನ ಒಳಹೊಕ್ಕುವು. ಒಳ್ಳೆಯ ಹೂರಣಕ್ಕೆ ಅವರು ಗೊತ್ತುಮಾಡಿದ ಲಕ್ಷಣಗಳು ನಾಲ್ಕು: ದ್ರವವನ್ನು ಚೆನ್ನಾಗಿ ಹೀರಬೇಕು, ಹೀರಿದುದನ್ನು ಸುಲಭವಾಗಿ ಬಿಟ್ಟುಕೊಡಬೇಕು, ಕಾವಿಗೆ ಕರಗಬಾರದು, ತನ್ನ ರುಚಿಯನ್ನು ಸೇರಿಸಬಾರದು. ಎದೆಯೊಳಕ್ಕೆ ಹೋದರೆ ಏನಾಗುವುದೆಂಬ ಐದನೆಯ ಲಕ್ಷಣವನ್ನು ಮನೆಯಲ್ಲಿ ಕುಳಿತು ಪರೀಕ್ಷಿಸುವ ಉಪಾಯವು ಯಾರಲ್ಲಿಯೂ ಇರಲಿಲ್ಲ. ಮೀನಿನ ತೊಟ್ಟಿಯ ಸ್ಪಂಜನ್ನು ಮಾಡಿದವನು ಅದು ತಣ್ಣೀರಿನಲ್ಲಿರಬೇಕೆಂದು ಮಾಡಿದ್ದನೇ ಹೊರತು ಕಾದ ತಂತಿಯ ಪಕ್ಕದಲ್ಲಿರಬೇಕೆಂದಲ್ಲ.

ಅನಂತರ ಕಾಯಿಸುವ ಭಾಗವೂ ಕಾರ್ಟ್ರಿಜ್ಜೂ ಒಂದಾದುವು. ಪಾಲಿಯೆಸ್ಟರಿನ ಬದಲು ಸಿಲಿಕಾ ಎಂಬ ಗಾಜಿನ ಜಾತಿಯ ಹುರಿ ಬಂದಿತು. ಅದು ಸುಡುವುದಿಲ್ಲ, ಆದರೆ ಎಳೆ ಮುರಿಯುತ್ತದೆ. ಉಕ್ಕಿನ ಜಾಲರಿ ಬಂದಿತು. ಬಳಿಕ ಹತ್ತಿಯೇ ಮತ್ತೆ ಮನ್ನಣೆ ಪಡೆಯಿತು. ಅದು ಚೆನ್ನಾಗಿ ಹೀರುತ್ತದೆ, ಆದರೆ ದ್ರವವು ತೀರಿದೊಡನೆ ಹಣತೆಯ ಬತ್ತಿಯಂತೆಯೇ ಕರಕಾಗುತ್ತದೆ. ಆಮೇಲೆ ಸೂಕ್ಷ್ಮರಂಧ್ರಗಳುಳ್ಳ ಪಿಂಗಾಣಿಯೂ ಬಂದಿತು. ೨೦೧೫ರಲ್ಲಿ ಅಮೆರಿಕದ ಜೂಲ್ ಎಂಬ ಯಂತ್ರವು ದ್ರವದ ರಚನೆಯನ್ನೇ ಬದಲಾಯಿಸಿತು. ಅದರಲ್ಲಿ ನಿಕೋಟಿನ್ನಿಗೆ ಬೆಂಜಾಯಿಕ್ ಆಮ್ಲವನ್ನು ಸೇರಿಸಿ ಲವಣವಾಗಿ ಮಾಡಿದ್ದರು. ಗಂಟಲಿಗೆ ಉರಿ ತಗಲದಂತಾದ್ದರಿಂದ ಬಹಳ ತೀಕ್ಷ್ಣವಾದ ದ್ರವವನ್ನೂ ಹದಿಹರೆಯದವರು ಕೆಮ್ಮದೆ ಎಳೆದುಕೊಳ್ಳುವಂತಾಯಿತು. ಸುಣ್ಣವು ಕ್ಷಾರದಿಂದ ಬಾಯಿಯ ಬಾಗಿಲನ್ನು ತೆರೆದಿದ್ದರೆ, ಇದು ಆಮ್ಲದಿಂದ ಎದೆಯ ಬಾಗಿಲನ್ನು ತೆರೆಯಿತು. ದಾರಿ ವಿರುದ್ಧ, ಫಲ ಒಂದೇ.

೫

ಪರೀಕ್ಷೆಗಳು ಬಳಕೆಯ ಹಿಂದೆ ಬಂದುವು. ೨೦೦೯ರ ಜುಲೈ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎರಡು ಕಂಪೆನಿಗಳ ೧೮ ಕಾರ್ಟ್ರಿಜ್‌ಗಳನ್ನು ಪರೀಕ್ಷಿಸಿದಾಗ ಒಂದರಲ್ಲಿ ಸುಮಾರು ನೂರಕ್ಕೆ ಒಂದು ಪಾಲಿನಷ್ಟು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವು ಕಂಡುಬಂದಿತು. ಇದು ಗ್ಲಿಸರಿನ್ನಿನಂತೆಯೇ ಕಾಣುವ, ಸಿಹಿಯಾದ, ಅಗ್ಗದ ದ್ರವ. ೧೯೩೭ರಲ್ಲಿ ಅಮೆರಿಕದಲ್ಲಿ ಔಷಧವೊಂದನ್ನು ಇದರಲ್ಲಿ ಕರಗಿಸಿ ಮಾರಿದ್ದರಿಂದ ನೂರಕ್ಕೂ ಮೇಲ್ಪಟ್ಟು ಜನರು ಸತ್ತರು. ೧೯೮೬ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಇದು ಬೆರೆತಿದ್ದ ಗ್ಲಿಸರಿನ್ನಿನಿಂದ ಹದಿನಾಲ್ಕು ಮಂದಿ ರೋಗಿಗಳು ಮೃತರಾದರು. ಈ ಎರಡು ಅನರ್ಥಗಳಲ್ಲಿಯೂ ಮದ್ದು ಕೊಲ್ಲಲಿಲ್ಲ, ಮದ್ದನ್ನು ಹೊತ್ತ ದ್ರವವು ಕೊಂದಿತು.

೨೦೧೩ರಲ್ಲಿ ಕ್ಯಾಲಿಫೋರ್ನಿಯದ ರಿವರ್‌ಸೈಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಕಾರ್ಟ್ರಿಜ್‌ಗಳನ್ನು ಬಿಚ್ಚಿ, ಒಳಗಿನ ಎಳೆಗಳನ್ನೂ ಹೊರಬರುವ ಆವಿಯನ್ನೂ ಸೂಕ್ಷ್ಮದರ್ಶಕದಿಂದ ನೋಡಿದರು. ತವರ, ಬೆಳ್ಳಿ, ಕಬ್ಬಿಣ, ನಿಕ್ಕಲ್, ಅಲ್ಯುಮಿನಿಯಮ್‌ಗಳ ಕಣಗಳೂ ಸಿಲಿಕೇಟಿನ ಕಣಗಳೂ ಆವಿಯಲ್ಲಿ ದೊರೆತುವು. ತಂತಿ, ಬೆಸುಗೆ, ಬತ್ತಿಗಳೇ ಇವುಗಳ ಮೂಲ. ಪಾತ್ರೆಯು ತನ್ನನ್ನು ತಾನೇ ಸ್ವಲ್ಪಸ್ವಲ್ಪವಾಗಿ ಸೇದುವವನಿಗೆ ಉಣಿಸುತ್ತಿದ್ದಿತು.

ಮೂರನೆಯ ಸಂಗತಿಯು ಕಾಫಿಯ ನಾಡಿಗೆ ಇನ್ನೂ ಹತ್ತಿರವಾದುದು. ಬೆಣ್ಣೆಯ ಪರಿಮಳವನ್ನು ಕೊಡುವ ಡೈಅಸಿಟೈಲ್ ಎಂಬ ದ್ರವ್ಯವೊಂದುಂಟು. ಆಹಾರದಲ್ಲಿ ತಿಂದರೆ ಅದರಿಂದ ಅಪಾಯವಿಲ್ಲವೆಂದು ಎಣಿಸುತ್ತಾರೆ. ಅಮೆರಿಕದ ಮಿಸ್ಸೂರಿ ಸಂಸ್ಥಾನದ ಅರಳುಕಾರ್ಖಾನೆಯೊಂದರಲ್ಲಿ ಇದರ ಆವಿಯನ್ನು ಉಸಿರಾಡಿದ ಕೆಲಸಗಾರರಿಗೆ ಶ್ವಾಸಕೋಶದ ಅತಿ ಸಣ್ಣ ಕೊಳವೆಗಳು ಕಲೆಗಟ್ಟಿ ಮುಚ್ಚಿಹೋಗುವ ರೋಗವು ತಗಲಿದುದು ೨೦೦೦ದಲ್ಲಿ ಬೆಳಕಿಗೆ ಬಂದಿತು. ಆ ರೋಗವು ವಾಸಿಯಾಗುವುದಿಲ್ಲ. ಇದೇ ಡೈಅಸಿಟೈಲ್ ಕಾಫಿಯ ಬೀಜವನ್ನು ಹುರಿಯುವಾಗ ತಾನಾಗಿಯೇ ಹುಟ್ಟುತ್ತದೆ. ಟೆಕ್ಸಸ್ ಸಂಸ್ಥಾನದಲ್ಲಿ ಪರಿಮಳ ಸೇರಿಸಿದ ಕಾಫಿಯನ್ನು ಸಿದ್ಧಪಡಿಸುವ ಕಾರ್ಖಾನೆಯೊಂದರ ಇಬ್ಬರು ಮಾಜಿ ಕೆಲಸಗಾರರಿಗೆ ಅದೇ ರೋಗವು ತಗಲಿದ ವರದಿಯು ೨೦೧೩ರಲ್ಲಿ ಪ್ರಕಟವಾಯಿತು. ಇದು ಮುಚ್ಚಿದ ಕೋಣೆಗಳಲ್ಲಿ ದಿನವೂ ದುಡಿಯುವವರ ಮಾತು. ಮನೆಯ ಬಾಣಲೆಯಲ್ಲಿ ಸೇರು ಕಾಫಿಯನ್ನು ಹುರಿಯುವವರು ಅಂಜಬೇಕಾದುದಿಲ್ಲ. ಆದರೆ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ೨೦೧೫ರಲ್ಲಿ ಪರೀಕ್ಷಿಸಿದ ಪರಿಮಳಯುಕ್ತ ಇ-ಸಿಗರೇಟುಗಳ ೫೧ ಮಾದರಿಗಳಲ್ಲಿ ೩೯ರಲ್ಲಿ ಡೈಅಸಿಟೈಲ್ ಇದ್ದಿತು. ಕುಡಿಯುವ ಲೋಟದಲ್ಲಿ ಹಿತವಾದ ಪರಿಮಳವು ಎದೆಯಲ್ಲಿ ಹಿತವೇ ಆಗಿರಬೇಕೆಂಬ ನಿಯಮವಿಲ್ಲ. ಜಠರವು ಅರಗಿಸಿಕೊಳ್ಳುವುದನ್ನೆಲ್ಲ ಶ್ವಾಸಕೋಶವು ಅರಗಿಸಿಕೊಳ್ಳಲಾರದು.

ಈ ಸತ್ಯದ ಕಡುಕಠೋರವಾದ ನಿದರ್ಶನವು ೨೦೧೯ರಲ್ಲಿ ಕಂಡಿತು. ಆ ವರ್ಷದ ಬೇಸಗೆಯಿಂದ ಅಮೆರಿಕದಲ್ಲಿ ಆರೋಗ್ಯವಂತರಾದ ತರುಣರು ಉಸಿರುಕಟ್ಟಿ ಆಸ್ಪತ್ರೆಗಳನ್ನು ಸೇರತೊಡಗಿದರು. ೨೦೨೦ರ ಫೆಬ್ರವರಿ ೧೮ರವರೆಗೆ ೨,೮೦೭ ಪ್ರಕರಣಗಳೂ, ಅವುಗಳಲ್ಲಿ ೬೮ ಮರಣಗಳೂ ದಾಖಲೆಯಾದುವು. ಶ್ವಾಸಕೋಶವನ್ನು ತೊಳೆದು ತೆಗೆದ ದ್ರವವನ್ನು ಪರೀಕ್ಷಿಸಲಾಗಿ, ೫೧ ಮಂದಿ ರೋಗಿಗಳಲ್ಲಿ ೪೮ ಮಂದಿಯಲ್ಲಿ ವಿಟಮಿನ್ ಇ ಅಸಿಟೇಟ್ ದೊರೆಯಿತು. ಗಾಂಜಾದ ಸತ್ತ್ವವನ್ನು ಕಾರ್ಟ್ರಿಜ್ಜಿಗೆ ಕಳ್ಳತನದಿಂದ ತುಂಬಿ ಮಾರುತ್ತಿದ್ದವರು ಅದನ್ನು ತೆಳುಮಾಡಿ ಲಾಭವನ್ನು ಹೆಚ್ಚಿಸಿಕೊಳ್ಳಲು, ನೋಟದಲ್ಲಿ ಅದರಂತೆಯೇ ಗಟ್ಟಿಯಾಗಿರುವ ಈ ಎಣ್ಣೆಯನ್ನು ಬೆರೆಸಿದ್ದರು. ಮಾತ್ರೆಯಲ್ಲಿ ನುಂಗುವ, ಮುಖಕ್ಕೆ ಹಚ್ಚಿಕೊಳ್ಳುವ ವಸ್ತುವಾದ್ದರಿಂದ ಅದರ ಮೇಲೆ ಯಾರಿಗೂ ಸಂಶಯವಿರಲಿಲ್ಲ.

೬

ಭಾರತದಲ್ಲಿ ರಾಜಾಜ್ಞೆಯು ಈ ಬಾರಿ ಬೇಗನೆ ಬಂದಿತು. ಕರ್ನಾಟಕ ಸರಕಾರವು ೨೦೧೬ರ ಜೂನ್ ತಿಂಗಳಲ್ಲಿ ಇ-ಸಿಗರೇಟನ್ನು ನಿಷೇಧಿಸಿತು. ೨೦೧೯ರ ಸೆಪ್ಟೆಂಬರ್ ೧೮ರಂದು ಕೇಂದ್ರ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ, ಅದೇ ಡಿಸೆಂಬರಿನಲ್ಲಿ ಅದನ್ನು ಶಾಸನವಾಗಿ ಮಾಡಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತುಗಳೆಲ್ಲವೂ ಅಪರಾಧ. ಇಡಿಯ ಯಂತ್ರವಾಗಲಿ, ಅದರ ಯಾವುದೇ ಭಾಗವಾಗಲಿ ನಿಷೇಧಕ್ಕೆ ಒಳಪಟ್ಟಿದೆ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗಿನ ಸೆರೆ, ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡೂ. ೨೦೨೪ರ ಫೆಬ್ರವರಿಯಲ್ಲಿ ಕರ್ನಾಟಕವು ಹುಕ್ಕವನ್ನೂ ನಿಷೇಧಿಸಿತು. ಹೀಗೆ ಈ ಚರಿತ್ರೆಯ ಮೊದಲ ಪಾತ್ರೆಯೂ ಕೊನೆಯ ಪಾತ್ರೆಯೂ ಒಂದೇ ದಶಕದಲ್ಲಿ ಕಾನೂನಿನ ಹೊರಗಾದುವು. ನಡುವಣ ಬೀಡಿ ಸಿಗರೇಟುಗಳು ಅಂಗಡಿಯಲ್ಲಿಯೇ ಉಳಿದುವು.

ಇದಕ್ಕೆ ಪ್ರತಿಯಾದ ವಾದವೂ ಉಂಟು. ಇಂಗ್ಲೆಂಡಿನ ಆರೋಗ್ಯಾಧಿಕಾರಿಗಳು ಇ-ಸಿಗರೇಟನ್ನು ಸಿಗರೇಟು ಬಿಡಿಸುವ ಸಾಧನವೆಂದು ಮನ್ನಿಸಿದ್ದಾರೆ; ಸೊಪ್ಪು ಸುಡುವುದಿಲ್ಲವಾದ್ದರಿಂದ ಕೇಡು ಬಹಳ ಕಡಮೆಯೆಂಬುದು ಅವರ ಮತ. ಆದರೆ ಅಲ್ಲಿ ಮಾರಾಟಕ್ಕೆ ಅವಕಾಶವಿರುವಂತೆಯೇ ಕಟ್ಟಳೆಯೂ ಇದೆ. ತುಂಬುವ ದ್ರವದ ಸೀಸೆಯು ೧೦ ಮಿಲಿಲೀಟರನ್ನೂ, ಯಂತ್ರದ ತೊಟ್ಟಿಯು ೨ ಮಿಲಿಲೀಟರನ್ನೂ ಮೀರಕೂಡದು, ನಿಕೋಟಿನ್ ಒಂದು ಮಿಲಿಲೀಟರಿಗೆ ೨೦ ಮಿಲಿಗ್ರಾಮನ್ನು ಮೀರಕೂಡದು, ಜೀವಸತ್ವಗಳನ್ನು ಸೇರಿಸಕೂಡದು. ಎಂದರೆ ಅಲ್ಲಿ ಹೂರಣಕ್ಕೂ ಲೆಕ್ಕವಿದೆ. ಭಾರತದಂಥ ವಿಶಾಲವಾದ ದೇಶದಲ್ಲಿ ಇಂಥ ಕಟ್ಟಳೆಯನ್ನು ನಡೆಸುವುದು ಕಷ್ಟವೆಂದೂ, ಎಳೆಯರಿಗೆ ಹೊಸ ಚಟವೊಂದನ್ನು ಕಲಿಸುವುದು ಬೇಡವೆಂದೂ ಇಲ್ಲಿಯ ಸರಕಾರವು ನಿಶ್ಚಯಿಸಿತು. ಎರಡೂ ಪಕ್ಷಗಳಲ್ಲಿ ವಿವೇಕವಿದೆ. ಎರಡಕ್ಕೂ ಹೊರತಾದ ಮೂರನೆಯ ಸ್ಥಿತಿಯೇ ಭಯಂಕರವಾದುದು: ಕಾನೂನು ನಿಷೇಧಿಸಿದ ವಸ್ತುವನ್ನು ಕದ್ದು ತಂದು, ಏನು ತುಂಬಿದೆಯೆಂದು ತಿಳಿಯದೆ ಸೇದುವುದು.

ಮೂಡಿಗೆರೆ, ಕಳಸಗಳ ಎಷ್ಟೋ ಮನೆಗಳ ಮಕ್ಕಳು ಓದಿಗಾಗಿ ಬೆಂಗಳೂರು, ಮಂಗಳೂರುಗಳಲ್ಲಿರುತ್ತಾರೆ. ಬರೆಯುವ ಲೇಖನಿಯಂತೆಯೋ ಬಣ್ಣದ ಪೆಟ್ಟಿಗೆಯಂತೆಯೋ ಕಾಣುವ, ಮಾವಿನ ಹಣ್ಣಿನ ಅಥವಾ ಕಾಫಿಯ ಪರಿಮಳವುಳ್ಳ ಈ ಯಂತ್ರವನ್ನು ಹಿರಿಯರು ಗುರುತಿಸಲಾರರು. ಬೀಡಿಯ ವಾಸನೆಯಂತೆ ಅದು ತಾನಾಗಿ ದೂರು ಹೇಳುವುದಿಲ್ಲ. ಗುಟ್ಟಾಗಿ ಮಾರಿದ ದ್ರವಕ್ಕೆ ಚಿಕೋರಿಯ ಪೊಟ್ಟಣದ ಮೇಲಿರುವಂಥ ಪ್ರಮಾಣದ ಲೆಕ್ಕವಿಲ್ಲ. ಇದ್ದರೂ ಅದನ್ನು ಪರೀಕ್ಷಿಸುವವರಿಲ್ಲ. ಸಿಹಿಯಾದ ಪರಿಮಳದ ಆ ಸೀಸೆಯು ಮನೆಯ ಪುಟ್ಟ ಮಗುವಿನ ಕೈಗೆ ಸಿಕ್ಕಿದರೆ ಒಂದೆರಡು ಗುಟುಕೇ ಪ್ರಾಣಾಪಾಯಕ್ಕೆ ಸಾಕು. ತೋಟದ ಮದ್ದನ್ನು ಬೀಗದಲ್ಲಿಡುವ ಮನೆಗಳು ಈ ಮದ್ದನ್ನೂ ಅದೇ ಸಾಲಿನಲ್ಲಿ ಎಣಿಸಬೇಕು. ಹೊಗೆಸೊಪ್ಪಿನ ಕಷಾಯದಲ್ಲಿದ್ದ ದ್ರವ್ಯವೇ ಇಲ್ಲಿಯೂ ಇರುವುದು. ಚಟಕ್ಕೆ ಸಿಕ್ಕಿದವರನ್ನು ಗದರಿಸಿ ಮತ್ತಷ್ಟು ಗುಟ್ಟಿಗೆ ತಳ್ಳುವುದಕ್ಕಿಂತ ವೈದ್ಯರ ಬಳಿಗೆ ಕರೆದೊಯ್ಯುವುದು ಮೇಲು. ನಿಕೋಟಿನ್ ಇರುವ ಅಗಿಯುವ ಅಂಟು, ಚರ್ಮಕ್ಕೆ ಹಚ್ಚುವ ಪಟ್ಟಿ ಮೊದಲಾದ ಪರೀಕ್ಷಿತ ಸಾಧನಗಳು ಔಷಧದಂಗಡಿಗಳಲ್ಲಿ ದೊರೆಯುತ್ತವೆ.

ನೀರು ತೊಳೆಯುತ್ತದೆಂದು ನಂಬಿದರು, ತೊಳೆಯಲಿಲ್ಲ. ಸುಣ್ಣವು ರುಚಿಗೆಂದರು, ಅದು ವಿಷವನ್ನು ರಕ್ತಕ್ಕೆ ಮುಟ್ಟಿಸಿತು. ಬತ್ತಿಯು ಸೋಸುತ್ತದೆಂದರು, ಅದರಲ್ಲಿ ಕಲ್ನಾರಿದ್ದಿತು. ಎಣ್ಣೆಯು ತೆಳುಮಾಡಲಿಕ್ಕೆಂದರು, ಅದು ಉಸಿರನ್ನೇ ನಿಲ್ಲಿಸಿತು. ನಾಲ್ಕು ಶತಮಾನಗಳಲ್ಲಿ ಪಾತ್ರೆಯು ಹಲವು ಸಲ ಬದಲಾಯಿತು, ಪದಾರ್ಥವು ಒಂದೇ ಉಳಿಯಿತು. ಪ್ರತಿಯೊಂದು ಸಲವೂ ಲೆಕ್ಕಕ್ಕೆ ಹಿಡಿಯದೆ ಬಿಟ್ಟ ವಸ್ತುವೇ ಕೊನೆಯಲ್ಲಿ ಲೆಕ್ಕವನ್ನು ಚುಕ್ತಾ ಮಾಡಿಕೊಂಡಿತು. ಪರೀಕ್ಷಿಸದ ವಸ್ತುವನ್ನು ಒಳಕ್ಕೆ ತೆಗೆದುಕೊಳ್ಳಬಾರದೆಂದು ಆಗ್ರಾದ ವೈದ್ಯನು ಬಿಜಾಪುರದ ಸೊಪ್ಪನ್ನು ಕುರಿತು ಆಡಿದ ಮಾತಿಗೆ ಇಂದಿಗೂ ಒಂದು ಅಕ್ಷರವನ್ನು ಸೇರಿಸಬೇಕಾಗಿಲ್ಲ, ಒಂದು ಅಕ್ಷರವನ್ನು ತೆಗೆಯಬೇಕಾಗಿಲ್ಲ.